ಇಲಿ ಸಾಕು

ನಮ್ಮತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಇಡೀ ಕಟ್ಟಡದಲ್ಲಿ ಇರುವ ಹೆಸರು ಇಲಿಯತ್ತೆ. ಬೆನ್ನ ಹಿಂದೆ ಅನ್ನುವವರು ಅನ್ನಲಿ. ಪ್ಯಾಂಟಿನ ಜಿಪ್ಪು ಕಿತ್ತುಹೋದ ದಿನ ಅದೇ ಜನ ‘ಟೈಲರಮ್ಮ, ಸ್ವಲ್ಪ ಬೇಗ ಹಾಕಿಕೊಡಿ’ ಅಂತ ಹಲ್ಲು ಗಿಂಜಿಕೊಂಡು ಬರುತ್ತಾರೆ. ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆ ‘ಅಳತೆ ಸರಿಹೋಗಲಿಲ್ಲ’ ಅಂದು ಕತ್ತರಿ ಎತ್ತಿಕೊಳ್ಳುವ ಹೆಂಗಸು ನಮ್ಮತ್ತೆ. ಅವಳು ಇಂಥದ್ದಕ್ಕೆಲ್ಲ ಸೊಪ್ಪು ಹಾಕುತ್ತಾಳೆಯೇ?

ಎರಡನೇ ಮಹಡಿಯಲ್ಲಿ ಅವಳ ಹೊಲಿಗೆ ಮಿಷನ್ನು, ಪಕ್ಕದಲ್ಲೇ ಎದೆಮಟ್ಟದ ಪಂಜರ. ಅದರಲ್ಲಿ ಎರಡು ಬಿಳಿ ಇಲಿಗಳು, ಅಕ್ಕತಂಗಿ. ಕಾಲೇಜಿನ ಲ್ಯಾಬು ಮುಚ್ಚಿದಾಗ ಅಲ್ಲಿನ ಅಟೆಂಡರು ಬೂಟಿನ ಡಬ್ಬಿಯಲ್ಲಿ ತಂದುಕೊಟ್ಟಿದ್ದರು. ಅತ್ತೆ ಹೆಸರಿಟ್ಟಳು: ಒಂದು ಗುಂಡಿ, ಇನ್ನೊಂದು ಕಾಜ. ‘ಗುಂಡಿ ತೂರಿಸೋಕೆ ಕಾಜ ಬೇಕು, ಒಂದೇ ಇಟ್ಟುಕೊಂಡು ಏನ್ಮಾಡಲಿ?’ ಅನ್ನುತ್ತಿದ್ದಳು.

ಇಲಿ ಸಾಕೋದು ಅಂದರೆ ಕಾಳು ಚೆಲ್ಲಿ ಕೈ ತೊಳೆದುಕೊಳ್ಳೋದಲ್ಲ. ಮರದ ಹೊಟ್ಟು ಹಾಸಿದರೆ ದೂಳಿಗೆ ಸೀನುತ್ತವೆ, ಅದಕ್ಕೇ ಕಾಗದದ ಚೂರು. ಮಲಗೋದಕ್ಕೆ ಉಳಿದ ಬಟ್ಟೆಯ ಜೋಲಿ. ದಾರಕ್ಕೆ ಬೆರಳು ಸಿಕ್ಕಿಕೊಂಡೀತು ಅಂತ ಅಂಚಿಗೆ ಎರಡೆರಡು ಹೊಲಿಗೆ. ಪಂಜರ ತೊಳೆದಾಗಲೂ ಹಳೆಯ ಬಟ್ಟೆ ಒಂದನ್ನು ಹಾಗೇ ಬಿಡುತ್ತಿದ್ದಳು. ತಮ್ಮ ವಾಸನೆಯೇ ಇಲ್ಲದ ಮನೆ ಯಾರಿಗೆ ಬೇಕು? ಹೆಗಲೇರಿಸಿಕೊಂಡರೆ ಕಟಕಟ ಹಲ್ಲು ಮಸೆಯುತ್ತಿದ್ದವು. ನಾನು ಹೆದರಿದ್ದೆ. ‘ಖುಷಿಗೆ ಮಸೀತಾವೆ ಕಣೇ. ಹೊಟ್ಟೆಕಿಚ್ಚಿಗೆ ಹಲ್ಲು ಮಸೆಯೋರು ಮನುಷ್ಯರು’ ಅಂದಳು.

ಕೆಳಮನೆಯವನು ಕಟ್ಟಡದ ಸಂಘದ ಸೆಕ್ರೆಟರಿ. ಅವನ ಸ್ಕೂಟರಿನ ವೈರನ್ನು ಚರಂಡಿಯ ಹೆಗ್ಗಣ ಕಡಿಯಿತು. ಹೆಗ್ಗಣ ಹಿಡಿಯೋದು ಬಿಟ್ಟು ಮಹಾಶಯ ನಮ್ಮತ್ತೆಯ ಬಾಗಿಲಿಗೆ ನೋಟೀಸು ಅಂಟಿಸಿದ: ‘ಟೈಲರಮ್ಮನವರ ಗಮನಕ್ಕೆ: ಇಲಿ ಸಾಕು! ಇಲ್ಲದಿದ್ದರೆ ಮನೆ ಖಾಲಿ ಮಾಡತಕ್ಕದ್ದು. ತೀರ್ಮಾನ ಭಾನುವಾರದ ಸಭೆಯಲ್ಲಿ.’

ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದಳು. ‘ಇಲಿ ಸಾಕದಿದ್ದರೆ ಮನೆ ಬಿಡಿಸ್ತಾರಂತೆ ಕಣೇ! ಎಂಥ ಒಳ್ಳೆ ಮನುಷ್ಯ!’

ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ನನಗೆ ಭಯವಾಯಿತು. ಇಪ್ಪತ್ತೆರಡು ವರ್ಷದ ಮನೆ, ಗಿರಾಕಿಗಳೆಲ್ಲ ಇದೇ ಬೀದಿಯವರು. ಮಿಷನ್ನು ಹೊತ್ತುಕೊಂಡು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗೋದು?

ಅದೇ ವಾರ ಕಾಜ ಸತ್ತಿತು. ಎರಡೂವರೆ ವರ್ಷ ಅಂದರೆ ಇಲಿಗೆ ಮುಪ್ಪು. ಗುಂಡಿ ಮೂಲೆ ಹಿಡಿಯಿತು. ಬೇಯಿಸಿದ ಮೊಟ್ಟೆ ಮುಂದಿಟ್ಟರೂ ಮೂಸಲಿಲ್ಲ. ಸುದ್ದಿ ಕೇಳಿ ಸೆಕ್ರೆಟರಿ ಬಾಗಿಲಿಗೇ ಬಂದ.

‘ನೋಡಿ ಟೈಲರಮ್ಮ, ಒಂದು ಹೋಯ್ತು. ಇನ್ನೊಂದೂ ತಾನಾಗೇ ಹೋಗುತ್ತೆ. ಹೊಸದು ತರಬೇಡಿ, ಅಷ್ಟು ಸಾಕು. ನೋಟೀಸು ನಾನೇ ಕಿತ್ತುಹಾಕ್ತೀನಿ.’

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! ಆದರೂ ಸುಳ್ಳು ಯಾಕೆ ಹೇಳಲಿ, ‘ಒಪ್ಪಿಕೋ ಅತ್ತೆ, ಮನೆಯಾದರೂ ಉಳಿಯುತ್ತೆ’ ಅಂದವಳು ನಾನೇ.

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದಳು. ‘ಒಂಟಿಯಾಗಿರೋದು ನಾನು ಆರಿಸಿಕೊಂಡದ್ದು. ಗುಂಡಿ ಆರಿಸಿಕೊಂಡಳೇನೇ?’

ನನಗೆ ನಾಚಿಕೆಯಾಯಿತು. ಲ್ಯಾಬಿನ ಅಟೆಂಡರೂ ಮನೆಯಲ್ಲಿ ಇಲಿ ಸಾಕಿಕೊಂಡಿದ್ದರು; ಮಾರನೇ ದಿನ ನಾನೇ ಅಲ್ಲಿಗೆ ಹೋಗಿ ಕಂದು ಬಣ್ಣದ ಮರಿಯೊಂದನ್ನು ತಂದೆ. ಅತ್ತೆ ಮೂರು ದಿನ ಬೇರೆ ಬೇರೆ ಇಟ್ಟು, ಇದರ ಬಟ್ಟೆ ಅದಕ್ಕೆ, ಅದರ ಬಟ್ಟೆ ಇದಕ್ಕೆ ಬದಲಾಯಿಸಿದಳು. ಶನಿವಾರ ಎರಡನ್ನೂ ಕತ್ತರಿಸುವ ಮೇಜಿನ ಮೇಲೆ ಬಿಟ್ಟಳು. ಗುಂಡಿ ಮೂಸಿತು, ಹಿಂದೆ ಸರಿಯಿತು, ಮತ್ತೆ ಬಂದು ಮರಿಯ ಕತ್ತು ನೆಕ್ಕತೊಡಗಿತು. ಸಂಜೆ ಅರ್ಧ ಮೊಟ್ಟೆ ತಿಂದಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ದೂಳು ಅಂದಳು.

ಭಾನುವಾರ ಪಂಜರ ಹಿಡಿದೇ ತಾರಸಿಗೆ ಹೋದೆವು. ಸೆಕ್ರೆಟರಿ ಹೌಹಾರಿದ. ‘ನೋಟೀಸು ಓದಲಿಲ್ವೇನ್ರೀ?’

‘ಓದಿದೆ. ಅದರಂತೆಯೇ ನಡೆದೆ. ತಗೊಳ್ಳಿ, ಎಲ್ಲರಿಗೂ ಕೇಳೋ ಹಾಗೆ ಓದಿ’ ಅಂತ ಅತ್ತೆ ಬಾಗಿಲಿಂದ ಕಿತ್ತು ತಂದ ನೋಟೀಸನ್ನು ಅವನ ಕೈಗಿಟ್ಟಳು.

ಅವನು ಗಂಟಲು ಸರಿಮಾಡಿಕೊಂಡು ಓದಿದ: ‘ಇಲಿ ಸಾಕು! ಇಲ್ಲದಿದ್ದರೆ ಮನೆ ಖಾಲಿ...’ ಅಲ್ಲೇ ನಿಂತ. ರಿಟೈರಾದ ಕನ್ನಡ ಮೇಷ್ಟ್ರು ಕುರ್ಚಿಯಲ್ಲೇ ಕುಲುಕಾಡಿದರು. ‘ಸ್ವಾಮೀ, ಇದು ಆಜ್ಞೆ! ಸಾಕು ಅಂದಿರಿ, ಸಾಕಿದ್ದಾರೆ. ಇನ್ನೇನು?’

ಇಡೀ ತಾರಸಿ ಗೊಳ್ಳೆಂದಿತು. ‘ಸಾಕಾಯ್ತು ಅಂತ ನನ್ನ ಅರ್ಥ! ಹೊಸ ನೋಟೀಸು ಬರೀತೀನಿ!’ ಅಂತ ಸೆಕ್ರೆಟರಿ ಕೂಗಿದ.

‘ಧಾರಾಳವಾಗಿ ಬರೀರಿ, ಬಾಗಿಲಲ್ಲಿ ಜಾಗ ಇದೆ’ ಅಂದಳು ಅತ್ತೆ. ‘ನಿಮ್ಮ ವೈರು ಕಡಿದದ್ದು ಚರಂಡಿ ಹೆಗ್ಗಣ. ಮೊದಲು ಚರಂಡಿ ಮುಚ್ಚಿಸಿ. ನಾನು ಮನೆ ಬಿಡಲ್ಲ. ಇವರನ್ನೂ ಬಿಡಲ್ಲ.’

ಟೈಲರಮ್ಮ ಖಾಲಿ ಮಾಡಲಿ ಅನ್ನುವವರು ಕೈ ಎತ್ತಿ ಅಂದ ಸೆಕ್ರೆಟರಿ. ಅವನೊಬ್ಬನದೇ ಕೈ ಮೇಲಿತ್ತು. ಕಂಕುಳ ಹೊಲಿಗೆ ಬಿಚ್ಚಿದ್ದು ಎಲ್ಲರಿಗೂ ಕಂಡಿತು.

ಮೇಷ್ಟ್ರ ಹೆಂಡತಿ ಪಂಜರದೊಳಗೆ ಇಣುಕಿದರು. ‘ಈ ಕಂದು ಮರಿಗೆ ಏನು ಹೆಸರಿಟ್ಟಿರಿ?’

‘ಸಾಕು’ ಅಂದಳು ಅತ್ತೆ. ‘ಸೆಕ್ರೆಟರಿಗಳೇ ಇಟ್ಟದ್ದು.’