ರಾಣಿ ಬಣ್ಣದ ಕಾರು

ನಮ್ಮ ಅಡುಗೆಮನೆಯಲ್ಲಿ ಈ ವಾರವೆಲ್ಲ ವಿನೆಗರ್ ಮತ್ತು ಬಣ್ಣದ ಪುಡಿ ಸೇರಿ ಬೆಂದ ವಾಸನೆ. ಇಂಗಿನ ಒಗ್ಗರಣೆ ಕೂಡ ಅದನ್ನು ಓಡಿಸಲಾರದೆ ಸೋತಿದೆ. ನಮ್ಮ ಯಜಮಾನರು ಕಿಟಕಿ ತೆಗೆದು, ಫ್ಯಾನು ಹಾಕಿ, ಬಾಗಿಲಲ್ಲಿ ನಿಂತು, "ಇವತ್ತಾದ್ರೂ ಊಟಕ್ಕೆ ಏನಾದ್ರೂ ಬೇಯುತ್ತಾ, ಇಲ್ಲ ಪ್ಲಾಸ್ಟಿಕ್ಕೇನಾ?" ಎಂದು ಕೇಳಿದರು. ಒಲೆಯ ಮೇಲಿದ್ದ ಹಳೆಯ ಪಾತ್ರೆಯಲ್ಲಿ ನನ್ನ ಕಾರಿನ ತೋಳುಗಳು ಬೇಯುತ್ತಿದ್ದವು.

ಕಾರು ಎಂದರೆ ಹತ್ತಿ ಕೂರುವ ಕಾರಲ್ಲ. ಒಂದು ಮೊಳ ಉದ್ದದ್ದು, ದೂರದಲ್ಲಿ ನಿಂತು ರಿಮೋಟ್ ಹಿಡಿದು ಓಡಿಸುವಂಥದ್ದು. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ಅಡ್ಡ ಬರಬೇಡಿ. ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವ, ಐವತ್ತು ದಾಟಿದ, ಮಂಡಿ ನೋವಿನ ಹೆಂಗಸು ನಾನು. ತಮ್ಮನ ಮಗನ ಹುಟ್ಟುಹಬ್ಬಕ್ಕೆಂದು ಆ ಕಾರು ಕೊಂಡಿದ್ದೆ. ಸರಿಯಾಗಿ ಓಡುತ್ತದೆಯೋ ಇಲ್ಲವೋ ನೋಡೋಣ ಎಂದು ತಾರಸಿಯ ಮೇಲೆ ಒಂದು ಸುತ್ತು ಓಡಿಸಿದೆ. ಹುಟ್ಟುಹಬ್ಬದ ದಿನ ಹುಡುಗನಿಗೆ ಶರ್ಟು ಸಿಕ್ಕಿತು.

ಭಾನುವಾರ ಬೆಳಿಗ್ಗೆ ಊರಾಚೆಯ ಒಣಗಿದ ಕೆರೆಯಂಗಳದಲ್ಲಿ ಇಂಥ ಕಾರಿನವರು ಸೇರುತ್ತಾರೆ. ನನ್ನೊಬ್ಬಳನ್ನು ಬಿಟ್ಟರೆ ಎಲ್ಲರೂ ಗಂಡಸರು, ಎಲ್ಲರ ಕಾರಿನ ಕೈಕಾಲೂ ಕಪ್ಪು. ಮೇಲಿನ ಹೊದಿಕೆಗೆ ಯಾರು ಯಾವ ಬಣ್ಣ ಬೇಕಾದರೂ ಬಳಿಯುತ್ತಾರೆ. ಆದರೆ ಕೆಳಗೆ ಚಕ್ರಗಳನ್ನು ಹಿಡಿದುಕೊಳ್ಳುವ ತೋಳು, ಮುಂದಿನ ಬಂಪರು, ಇವಕ್ಕೆ ಪೇಂಟು ಬಳಿದರೆ ಮೊದಲನೇ ಕಲ್ಲಿಗೇ ಸಿಪ್ಪೆ ಏಳುತ್ತದೆ. ಬಣ್ಣ ಬೇಕೆಂದರೆ ಬಿಳಿ ನೈಲಾನಿನ ಭಾಗಗಳನ್ನು ತರಿಸಿ, ಬಟ್ಟೆಗೆ ಹಾಕುವ ಬಣ್ಣದಲ್ಲಿ ಬೇಯಿಸಿ, ಒಳಗೇ ಇಳಿಸಬೇಕು. ರಾಣಿ ಬಣ್ಣ ಇಳಿಸುತ್ತೇನೆ ಎಂದು ನಾನು ಹೇಳಿದಾಗ ಗುಂಪಿನ ಹಿರಿಯಣ್ಣನಂತಿರುವ ನವೀನ ತಲೆ ಕೆರೆದುಕೊಂಡ. ಅವನಿಗೆ ಊರಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇದೆ.

"ಬ್ಲ್ಯಾಕೇ ಹಾಕ್ಕೊಂಬಿಡಿ ಮೇಡಂ. ಕೊಳೆ ಕಾಣ್ಸಲ್ಲ. ಪಿಂಕ್ ಅಂದ್ರೆ ಒಂಥರಾ ಆಟದ ಸಾಮಾನ್ ಇದ್ದಂಗಿರುತ್ತೆ."

"ಇದು ಆಟದ ಸಾಮಾನೇ ಅಲ್ವೇನಪ್ಪಾ?" ಎಂದೆ.

ಕಪ್ಪಿನ ಮೇಲೆ ನನಗೇನೂ ದ್ವೇಷವಿಲ್ಲ, ನಾನೇ ಕಪ್ಪು. ರಾಣಿ ಬಣ್ಣದ ಮೇಲಿನ ಹಟಕ್ಕೂ ಕಾರಣ ಅದೇ. ನಮ್ಮ ತಾತನಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಸುಬು. ಹಿತ್ತಲ ಶೆಡ್ಡಿನಲ್ಲಿ ಕೋಲಿಗೆ ಇಳಿಬಿಟ್ಟ ನೂಲಿನ ಲಡಿಗಳು ಬಣ್ಣದ ನೀರಿನಿಂದ ಮೇಲೆದ್ದು ಬರುವಾಗ ಗುಲಾಬಿಗಿಂತ ಗಾಢವಾದ, ಕಣ್ಣು ಕೀಳಲಾಗದ ಆ ಬಣ್ಣ ಕಂಡರೆ ಸಾಕು, ನನಗೆ ಹಸಿವು ಮರೆತುಹೋಗುತ್ತಿತ್ತು. ಹಬ್ಬಕ್ಕೆ ಅದೇ ಬಣ್ಣದ ಲಂಗ ಬೇಕೆಂದು ಪ್ರತಿ ವರ್ಷ ಕೇಳುತ್ತಿದ್ದೆ. "ಕಪ್ಪಗಿರೋರಿಗೆ ರಾಣಿ ಹೊಂದಲ್ಲ ಕಣೇ" ಎಂದು ಪ್ರತಿ ವರ್ಷ ಕೆನೆ ಬಣ್ಣದ್ದೇ ಬರುತ್ತಿತ್ತು. ಮದುವೆಯ ಸೀರೆಯನ್ನೂ ಆರಿಸಿದವರು ಬೇರೆಯವರೇ, ಅದೂ ಕೆನೆ ಬಣ್ಣವೇ. ಈಗ ನನ್ನ ಸಂಬಳ, ನನ್ನ ಒಲೆ, ನನ್ನ ಕಾರು. ಯಾರಿಗೆ ಏನು ಹೊಂದುತ್ತದೆ ಎಂದು ಯಾರೂ ಹೇಳುವ ಹಾಗಿಲ್ಲ.

ಹೀಗೆ ಜಂಬದಿಂದ ಶುರು ಮಾಡಿದ್ದು ಮೊದಲ ದಿನವೇ ಕೈಕೊಟ್ಟಿತು. ತೋಳುಗಳು ತೊನ್ನು ಹತ್ತಿದವರ ಹಾಗೆ ಮಚ್ಚೆ ಮಚ್ಚೆಯಾಗಿ ಹೊರಬಂದವು. ಒಂದರ ಮೇಲಂತೂ ನನ್ನ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿತ್ತು. ಬೆಳಿಗ್ಗೆ ದೋಸೆ ಹುಯ್ದ ಎಣ್ಣೆಗೈಯಲ್ಲೇ ಮುಟ್ಟಿದ್ದೆ. ಮರುದಿನ ಪಾತ್ರೆ ತೊಳೆಯುವ ಸೋಪಿನಲ್ಲಿ ತಿಕ್ಕಿ ತೊಳೆದು ಮತ್ತೆ ಇಳಿಬಿಟ್ಟೆ. ಮಚ್ಚೆ ಹೋಯಿತು, ಆದರೆ ಬಣ್ಣ ತೆಳ್ಳಗೆ, ನೀರು ಬೆರೆಸಿದ ಶರಬತ್ತಿನ ಹಾಗೆ. ಪುಡಿ ಹೆಚ್ಚಿಸಿದೆ, ವಿನೆಗರ್ ಹೆಚ್ಚಿಸಿದೆ, ಏನೂ ಆಗಲಿಲ್ಲ. ಸೂಲಿಬೆಲೆಯಲ್ಲಿರುವ ರತ್ನತ್ತೆಗೆ ಫೋನು ಮಾಡಿದೆ. ಅಪ್ಪನ ತಂಗಿ ಅವಳು, ಮದುವೆಗೆ ಮುಂಚೆ ತಾತನ ಶೆಡ್ಡಿನಲ್ಲಿ ಬಣ್ಣ ಕಲಸುತ್ತಿದ್ದವಳು. ಈಗ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ.

"ಏನ್ ನೂಲೇ?"

"ನೂಲಲ್ಲ ಅತ್ತೆ. ಕಾರಿನ ತೋಳು. ಪ್ಲಾಸ್ಟಿಕ್ಕು."

ಹಸುವಿನ ಗಂಟೆಯ ಸದ್ದಿನ ನಡುವೆಯೇ ಅತ್ತೆ ಹೇಳಿದಳು: "ಏನಾದ್ರೂ ಆಗ್ಲಿ, ನೀರು ಮಾತ್ರ ಕುದಿಸ್ಬೇಡ. ಗುಳ್ಳೆ ಬರೋಷ್ಟರಲ್ಲಿ ಉರಿ ಎಳ್ಕೊಂಬಿಡು. ಕುದುದ್ರೆ ಹೊಳಪು ಸತ್ತೋಗುತ್ತೆ."

ಆಗ ಹೊಳೆಯಿತು ನೋಡಿ, ಅದು ರೇಷ್ಮೆಯ ಪಾಠ, ನೈಲಾನಿನದಲ್ಲ. ನಾನೂ ಎಲ್ಲ ದಿನವೂ ಅದನ್ನೇ ಮಾಡುತ್ತಿದ್ದೆ. ಗುಳ್ಳೆ ಕಂಡ ತಕ್ಷಣ ನನ್ನ ಕೈ ತಾನಾಗಿಯೇ ಗ್ಯಾಸಿನ ತಿರುಗಣೆಗೆ ಹೋಗುತ್ತಿತ್ತು. ಬೇರೆ ಮನೆಯ ಹೆಂಗಸಾಗಿದ್ದರೆ ಮೊದಲ ದಿನವೇ ದಬದಬ ಕುದಿಸಿ ಕೆಲಸ ಮುಗಿಸುತ್ತಿದ್ದಳು. ರೇಷ್ಮೆಯ ಮನೆಯಲ್ಲಿ ಹುಟ್ಟಿದ್ದರಿಂದ ನನಗೆ ಈ ಪಾಡು. "ಆಯ್ತತ್ತೆ" ಎಂದು ಫೋನಿಟ್ಟು, ಉರಿ ದೊಡ್ಡದು ಮಾಡಿದೆ. ನೀರು ಉಕ್ಕಿತು, ಒಲೆಯ ಮೇಲೆಲ್ಲ ಚೆಲ್ಲಿತು. ಅರ್ಧ ಗಂಟೆ ಬಿಟ್ಟು ಇಕ್ಕಳದಲ್ಲಿ ಎತ್ತಿದರೆ ತಾತನ ಶೆಡ್ಡಿನ ಆ ರಾಣಿ ಬಣ್ಣವೇ ತೊಟ್ಟಿಕ್ಕುತ್ತಾ ಮೇಲೆ ಬಂತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಶಿಳ್ಳೆ ಹೊಡೆದೆ. ಶಿಳ್ಳೆ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಉಳಿದದ್ದು ನಾಲ್ಕು ತುಂಡು. ಚಕ್ರ ತಿರುಗಿಸುವ ಕಡ್ಡಿಗಳ ತುದಿಯಲ್ಲಿರುವ ಪುಟ್ಟ ಕೊಂಡಿಗಳು. ಅದೇ ಪಾತ್ರೆಯಲ್ಲಿ, ಅದೇ ನೀರಿನಲ್ಲಿ, ಅಷ್ಟೇ ಹೊತ್ತು ಬೆಂದಿದ್ದರೂ ಹಾಲಿನ ಹಾಗೆ ಬಿಳಿ. ಮತ್ತೆ ಬೇಯಿಸಿದೆ. ಪಾತ್ರೆಯ ತಳ ರಾಣಿಯಾಯಿತು, ಸೌಟು ಆಯಿತು, ನನ್ನ ಉಗುರೂ ಆಯಿತು, ಅವು ಆಗಲಿಲ್ಲ. ನವೀನನಿಗೆ ಕೇಳಿದರೆ, "ಅದು ನೈಲಾನಲ್ಲ ಮೇಡಂ, ಬೇರೆ ಪ್ಲಾಸ್ಟಿಕ್. ಜಾರ್ಲಿ ಅಂತ ಹಾಕಿರ್ತಾರೆ. ಅದು ಏನ್ ಮಾಡುದ್ರೂ ಹಿಡಿಯಲ್ಲ" ಎಂದ. ನನಗೆ ಸಿಟ್ಟು ಬಂತು. ಏನು ಮಾಡಿದರೂ ಹಿಡಿಯಲ್ಲ ಎಂದರೆ ಏನರ್ಥ? ಉಪ್ಪುಕಾಗದ ತಂದೆ. ಮೇಲ್ಮೈ ತರಿಯಾದರೆ ಬಣ್ಣ ಕೂರಬಹುದು ಎಂದು ಒಂದೊಂದನ್ನೇ ಹಿಡಿದು ಉಜ್ಜತೊಡಗಿದೆ. ಸುತ್ತಿ ಸುತ್ತಿ, ಒತ್ತಿ ಒತ್ತಿ, ಹಲ್ಲು ಕಚ್ಚಿಕೊಂಡು ಉಜ್ಜಿದೆ.

ಹಾಗೆ ಉಜ್ಜುತ್ತಿದ್ದ ಕೈ ನನ್ನದಲ್ಲ, ಅಜ್ಜಿಯದು ಎಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು.

ಭಾನುವಾರದ ಎಣ್ಣೆಸ್ನಾನ ಮುಗಿದ ಮೇಲೆ ಅಜ್ಜಿ ನನ್ನನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ, ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ, ಕುತ್ತಿಗೆ, ಮೊಣಕೈ, ಬೆನ್ನು ಎಲ್ಲ ಇದೇ ಥರ ತಿಕ್ಕುತ್ತಿದ್ದಳು. ಕೆಟ್ಟವಳಲ್ಲ ಅವಳು. ನನಗೆ ಗಂಡು ಸಿಗುವುದಿಲ್ಲ ಎಂಬ ಚಿಂತೆ ಅವಳಿಗೆ ನನ್ನ ಹತ್ತನೇ ವಯಸ್ಸಿಗೇ ಹತ್ತಿಕೊಂಡಿತ್ತು. ಒಂದು ಭಾನುವಾರ ಕುತ್ತಿಗೆಯ ಚರ್ಮ ಕಿತ್ತು ನಾನು ಕಿರುಚಿದೆ. ಶೆಡ್ಡಿನಿಂದ ರತ್ನತ್ತೆ ಓಡಿಬಂದಳು. ಅವಳೂ ನನ್ನಷ್ಟೇ ಕಪ್ಪು, ಮೊಣಕೈವರೆಗೆ ರಾಣಿ ಬಣ್ಣ.

"ಅಮ್ಮಾ, ಇವಳೇನು ನೂಲಿನ ಲಡಿನಾ? ಹಿಡೀಲಿಲ್ಲ ಹಿಡೀಲಿಲ್ಲ ಅಂತ ತಿಕ್ತಾನೇ ಇದೀಯಲ್ಲ! ನನ್ನ ತಿಕ್ಕಿದ್ದು ಸಾಲ್ದಾ ನಿಂಗೆ?"

ಅಷ್ಟೆಂದು ಹಿಟ್ಟಿನ ಬಟ್ಟಲು ಕಿತ್ತುಕೊಂಡು ಒಳಗೆ ಹೋದಳು. ಬಾಣಲೆ ಇಟ್ಟು, ಅದೇ ಹಿಟ್ಟಿಗೆ ಉಪ್ಪು, ಖಾರ, ಈರುಳ್ಳಿ ಹಾಕಿ, ಬಜ್ಜಿ ಕರಿದು ನನ್ನ ಮುಂದಿಟ್ಟಳು. ಅಜ್ಜಿ ಬೈದಳು, ತಾತ ಬೈದರು, ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. ಕೆನೆ ಬಿದ್ದಿದ್ದರಿಂದ ಬಜ್ಜಿ ತುಂಬ ಮೃದುವಾಗಿತ್ತು. ಕುತ್ತಿಗೆ ಉರಿಯುತ್ತಿದ್ದರೂ ಎಲ್ಲವನ್ನೂ ತಿಂದೆ. ಆಮೇಲೆ ಯಾರೂ ನನ್ನನ್ನು ತಿಕ್ಕಲಿಲ್ಲ.

ಉಪ್ಪುಕಾಗದವನ್ನು ಕಸದ ಬುಟ್ಟಿಗೆ ಹಾಕಿದೆ. ಗೀರು ಬಿದ್ದ ಆ ಕೊಂಡಿಗಳನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಾಗ, ಹೇಳಿದರೆ ನಗುತ್ತೀರಿ, ಅಳು ಬಂತು. ಪ್ಲಾಸ್ಟಿಕ್ಕಿನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಹುಟ್ಟಿರಲಿಲ್ಲ. ಅವನ್ನು ತೊಳೆದು, ಒರೆಸಿ, ಇದ್ದ ಹಾಗೆಯೇ ಕಾರಿಗೆ ಸಿಕ್ಕಿಸಿದೆ.

ಇವತ್ತು ಬೆಳಿಗ್ಗೆ ಕೆರೆಯಂಗಳದಲ್ಲಿ ನವೀನ ನನ್ನ ಕಾರನ್ನು ಎತ್ತಿ, ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಿದ. ಉಳಿದವರೂ ಸುತ್ತ ನೆರೆದರು.

"ಕಲರ್ ಸಖತ್ತಾಗಿ ಹಿಡ್ದಿದೆ ಮೇಡಂ, ಒಪ್ಕೊಂಡೆ. ಆದ್ರೆ ಈ ನಾಲ್ಕೇ ಬೆಳ್ಳಗೆ ಉಳ್ಕೊಂಬಿಟ್ಟಿದಾವಲ್ಲ, ಎದ್ದು ಕಾಣುತ್ತೆ. ಒಂದ್ನಿಮಿಷ ಇರಿ, ಮಾರ್ಕರಲ್ಲಿ ಕಪ್ಪು ಮಾಡ್ಕೊಟ್ಬಿಡ್ತೀನಿ."

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಜೇಬಿನಿಂದ ಮಾರ್ಕರ್ ತೆಗೆದು ಮುಚ್ಚಳವನ್ನೂ ಬಿಚ್ಚಿದ್ದ.

"ಕೈ ತೆಗಿಯಪ್ಪಾ," ಎಂದೆ. ನನ್ನ ದನಿ ತರಗತಿಯಲ್ಲಿ ಏರುವಷ್ಟೇ ಏರಿತು. "ಅದಕ್ಕೇನೂ ಆಗಿಲ್ಲ. ಅದು ಇರೋದೇ ಹಂಗೆ."