ಎಲ್ಲ ಟಿಕೆಟ್ಟೂ ಚಂದ್ರು ಕೊಟ್ಟದ್ದು

ಸಿಂಗಟಗೆರೆಯ ಸಮುದಾಯ ಭವನದಲ್ಲಿ ಚಂದ್ರಕುಮಾರನ ಮದುವೆ ನಡೆದ ದಿನ ಅವನು ಕಡೂರಿನಲ್ಲಿ ಕೂತು ಹೊರನಾಡಿನ ಬಸ್ಸಿಗೆ ಟಿಕೆಟ್ ಕೊಟ್ಟಿದ್ದ. ಅದೇ ಹೊತ್ತಿಗೆ ತರೀಕೆರೆಯಲ್ಲಿ ಒಂದು ಶಾಲೆಯ ಪ್ರವಾಸಕ್ಕೆ ಬಸ್ ಗೊತ್ತು ಮಾಡಿದ್ದ. ಅಜ್ಜಂಪುರದಲ್ಲಿ ಯಾರದೋ ಟಿಕೆಟ್ ರದ್ದು ಮಾಡಿದ್ದ. ಹಾಗೆಂದು ನಯನಳ ಲ್ಯಾಪ್‌ಟಾಪ್ ಹೇಳುತ್ತಿತ್ತು.

“ಇದೇನು ಚಂದ್ರಣ್ಣ, ಮದುವೆ ದಿನಾನೂ ಡ್ಯೂಟಿ ಮಾಡಿದೀರಾ?” ಎಂದು ನಯನ ಕೇಳಿದಳು.

ಅವನು ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ತಾರೀಖು ಅದೇ. ಆ ದಿನ ಕೊರಳಲ್ಲಿ ಸುಗಂಧರಾಜದ ಹಾರವಿತ್ತು, ಪಕ್ಕದಲ್ಲಿ ಶ್ರುತಿ ಬೆವರುತ್ತ ಕೂತಿದ್ದಳು, ಅದೆಲ್ಲ ಚೆನ್ನಾಗಿ ನೆನಪಿದೆ. ಆದರೂ ಪರದೆಯ ತುಂಬ ತನ್ನ ಹೆಸರನ್ನೇ ಕಂಡಾಗ, ಮಧ್ಯದಲ್ಲೇನಾದರೂ ಎದ್ದು ಬಂದಿದ್ದೆನೋ ಎಂಬ ಅನುಮಾನ ಒಂದು ಗಳಿಗೆ ಬಂದು ಹೋಯಿತು.

ಮೂಡಲಸೀಮೆ ಟ್ರಾವೆಲ್ಸ್‌ನ ಮುಖ್ಯ ಕಚೇರಿ ಇರುವುದು ಕಡೂರಿನ ಬಸ್ ನಿಲ್ದಾಣದ ಹತ್ತಿರ. ತರೀಕೆರೆಯಲ್ಲೊಂದು, ಅಜ್ಜಂಪುರದಲ್ಲೊಂದು ಕೌಂಟರ್. ಮದುವೆಯ ದಿಬ್ಬಣ, ಶಾಲೆಯ ಪ್ರವಾಸ, ಯಾತ್ರೆ, ಆಸ್ಪತ್ರೆ, ಯಾವುದಕ್ಕಾದರೂ ಗಾಡಿ ಕೊಡುವ ಕಂಪನಿ. ತೆಂಗಿನ ತೋಟದ ಮನೆತನದ ಹನುಮಂತಪ್ಪ ಇದನ್ನು ಕಟ್ಟಿದರು. ಮೊದಲ ಕಂಪ್ಯೂಟರ್ ತಂದಾಗ ಅದನ್ನು ಮುಟ್ಟಲು ಹೆದರದವನು ಬೇಕಿತ್ತು. ಪಿಯುಸಿ ಮುಗಿಸಿ ಟೈಪಿಂಗ್ ಕಲಿತಿದ್ದ ಚಂದ್ರಕುಮಾರ ಸಿಕ್ಕಿದ. ಶಿವಮೊಗ್ಗದವನೊಬ್ಬ ಬಂದು ಬುಕಿಂಗ್ ಪ್ರೋಗ್ರಾಂ ಬರೆದುಕೊಟ್ಟ. ನೀಲಿ ಪರದೆ, ಬಿಳಿ ಅಕ್ಷರ. ಒಳಗೆ ಹೋಗಲು ಹೆಸರು ಬೇಕು ಎಂದಾಗ ಇದ್ದವನು ಒಬ್ಬನೇ, ಅದಕ್ಕೆ ‘ಚಂದ್ರು’ ಎಂದು ಹಾಕಿದ. ಪಾಸ್‌ವರ್ಡ್ ಏನಿರಲಿ ಎಂದು ಕೇಳಿದಾಗ ಚಂದ್ರಕುಮಾರ ತನ್ನ ತಾಯಿಯ ಹೆಸರು ಹೇಳಿದ.

ಆಮೇಲೆ ಕೌಂಟರುಗಳು ಹೆಚ್ಚಿದವು, ಇಂಟರ್ನೆಟ್ ಬಂತು, ಬರೆದುಕೊಟ್ಟವನು ಎಲ್ಲಿಗೆ ಹೋದನೋ ಗೊತ್ತಾಗಲಿಲ್ಲ. ಹೊಸ ಹೆಸರು ಸೇರಿಸುವುದು ಯಾರಿಗೂ ಬರಲಿಲ್ಲ. ಹೀಗಾಗಿ ಮೂರೂ ಊರಿನಲ್ಲಿ ಯಾರೇ ಕುರ್ಚಿಗೆ ಬಂದು ಕೂರಲಿ, ಬೆಳಗ್ಗೆ ‘ಚಂದ್ರು’ ಎಂದು ಒತ್ತಿ, ‘ಭಾಗಮ್ಮ’ ಎಂದು ಒತ್ತಿ, ಒಳಗೆ ಹೋಗುತ್ತಿದ್ದರು. ಟಿಕೆಟ್ಟಿನ ಕೆಳಗೆ ‘ನಿಮ್ಮ ಸೇವೆಯಲ್ಲಿ: ಚಂದ್ರು’ ಎಂದು ಅಚ್ಚಾಗುತ್ತಿತ್ತು. ಇದನ್ನೆಲ್ಲ ಯಾರೂ ಎಂದೂ ಯೋಚಿಸಿರಲಿಲ್ಲ, ಚಂದ್ರಕುಮಾರನೂ ಸೇರಿ.

ಹನುಮಂತಪ್ಪನವರ ಮಗಳು ನಯನ ಕಂಪನಿ ವಹಿಸಿಕೊಂಡ ವರ್ಷ ಆ ಹಳೆಯ ಕಂಪ್ಯೂಟರ್ ದಿನಕ್ಕೊಮ್ಮೆ ನಿಲ್ಲತೊಡಗಿತು. ಬೇರೆ ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಂ ಏಳುತ್ತಲೇ ಇರಲಿಲ್ಲ. ಅವಳು ದಾವಣಗೆರೆಯಿಂದ ರಘು ಎಂಬುವನನ್ನು ಕರೆಸಿದಳು. ಅವನು ಲೋ-ಕೋಡ್ ಎಂದು ಏನೋ ತೋರಿಸಿದ. ಕೋಡ್ ಬರೆಯುವುದೇ ಬೇಡವಂತೆ. ಪರದೆಯ ಮೇಲೆ ಡಬ್ಬಿಗಳಿರುತ್ತವೆ, ಒಂದನ್ನು ಎಳೆದು ಇನ್ನೊಂದಕ್ಕೆ ಬಾಣ ಕೊಟ್ಟರೆ ಕೆಲಸ ತಾನೇ ನಡೆಯುತ್ತದೆ.

“ನೀವು ದಿನಾ ಮಾಡೋದನ್ನೇ ಡಬ್ಬಿಗೆ ಹಾಕಿ ಸಾರ್, ಅಷ್ಟೇ,” ಎಂದ ರಘು.

ಚಂದ್ರಕುಮಾರ ಇಲಿಯಂಥ ಮೌಸನ್ನು ಹಿಡಿದು ಕೂತ. ಆದರೆ ತಾನು ದಿನಾ ಏನು ಮಾಡುತ್ತೇನೆ ಎಂಬುದೇ ಅವನಿಗೆ ತಿಳಿಯಲಿಲ್ಲ. ಗಿರಾಕಿ ಫೋನ್ ಮಾಡುತ್ತಾನೆ. ಬುಕ್ ಮಾಡುತ್ತಾನೋ ಇಲ್ಲವೋ? ಡಬ್ಬಿಗೆ ಹೌದು ಅಥವಾ ಇಲ್ಲ ಬೇಕು. ಗಿರಾಕಿ ಹೇಳುವುದು ‘ನಮ್ಮಣ್ಣನ್ನ ಕೇಳಿ ಹೇಳ್ತೀನಿ, ಆದ್ರೂ ಗಾಡಿ ಇಟ್ಕೊಂಡಿರಿ’ ಎಂದು. ಅದಕ್ಕೆ ಯಾವ ಬಾಣ? ರದ್ದು ಮಾಡಲು ಯಾರ ಒಪ್ಪಿಗೆ ಬೇಕು ಎಂದು ರಘು ಕೇಳಿದ. ಕಡೂರಿನಲ್ಲಿ ಯಜಮಾನರ ಒಪ್ಪಿಗೆ. ತರೀಕೆರೆಗೆ ಫೋನ್ ಮಾಡಿದರೆ ಡ್ರೈವರನ ಒಪ್ಪಿಗೆ ಎಂದರು. ಅಜ್ಜಂಪುರದ ತೀರ್ಥೇಶ, “ಒಪ್ಗೆ ಯಾಕೆ? ಬರಲ್ಲ ಅಂದ್ರೆ ಬರಲ್ಲ,” ಎಂದ. ಮೂರು ಊರಿಗೆ ಮೂರು ಚಿತ್ರ ಬರೆದು ಚಂದ್ರಕುಮಾರ ಮೂರನ್ನೂ ಅಳಿಸಿದ.

ಹೇಗೋ ತಿಂಗಳುಗಟ್ಟಲೆ ಎಳೆದಾಡಿ ಒಂದು ರೂಪ ಬಂತು. ಹಳೆಯ ಬುಕಿಂಗುಗಳನ್ನೆಲ್ಲ ರಘು ಹೊಸದಕ್ಕೆ ತುಂಬಿಸಿದ. ಆಗಲೇ ನಯನ ಆ ಮದುವೆಯ ದಿನವನ್ನು ನೋಡಿದ್ದು. ಕಂಪನಿಗೆ ಕಂಪ್ಯೂಟರ್ ಬಂದಾಗಿನಿಂದ ನಡೆದ ಒಳ್ಳೆಯದು ಕೆಟ್ಟದ್ದೆಲ್ಲ ಒಬ್ಬನ ತಲೆಯ ಮೇಲಿತ್ತು.

ಅಂದಿನಿಂದ ಅವನ ಫಜೀತಿ ಶುರುವಾಯಿತು. ಲೆಕ್ಕ ನೋಡುವವರು ಫೋನ್ ಮಾಡಿ, ಯಾವುದೋ ವರ್ಷ ತರೀಕೆರೆಯಲ್ಲಿ ಒಂದೇ ಗಾಡಿಯನ್ನು ಇಬ್ಬರಿಗೆ ಯಾಕೆ ಕೊಟ್ಟಿರಿ ಎಂದರು. ನಾನಲ್ಲ ಎಂದರೆ, ನಿಮ್ಮ ಹೆಸರೇ ಇದೆಯಲ್ಲ ಎಂದರು. ಮನೆಯಲ್ಲಿ ಹೇಳಿದರೆ ಶ್ರುತಿ ನಕ್ಕಳು. “ತಾಳಿ ಕಟ್ಟಿದ್ದು ಯಾವ ಊರಿನ ಚಂದ್ರುನೋ, ನಂಗೂ ಈಗ ಗೊತ್ತಾಗ್ತಿಲ್ಲ,” ಎಂದಳು. ಒಳಗೆ ಬುದ್ಧನ ಪಟದ ಕೆಳಗೆ ಅವರೆಕಾಯಿ ಬಿಡಿಸುತ್ತಿದ್ದ ತಾಯಿ ಭಾಗಮ್ಮ, “ಅಲ್ಲ ಕಣೋ, ನನ್ ಹೆಸ್ರನ್ನ ಊರೋರಿಗೆಲ್ಲ ಒತ್ತಾಕೆ ಕೊಟ್ಟಿದೀಯಲ್ಲ, ನನ್ನ ಕೇಳಿದ್ಯಾ?” ಎಂದು ಗದರಿದಳು.

ಹೊಸ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಅವರವರ ಹೆಸರು ಎಂದು ನಯನ ನಿಶ್ಚಯಿಸಿದಳು. ತೀರ್ಥೇಶನಿಗೆ ಕಲಿಸಿಕೊಡಲು ಚಂದ್ರಕುಮಾರ ಬೆಳಗಿನ ಬಸ್ಸಿಗೆ ಅಜ್ಜಂಪುರಕ್ಕೆ ಹೋದ. ಇಷ್ಟು ವರ್ಷ ಫೋನಿನಲ್ಲಿ ಮಾತಾಡಿದ್ದರೂ ಅವನ ಕೌಂಟರಿಗೆ ಹೋಗಿ ಕೂತಿರಲಿಲ್ಲ. ಹೊರಗೆ ಈರುಳ್ಳಿ ಚೀಲ ತುಂಬಿದ ಲಾರಿ ನಿಂತಿತ್ತು. ತೀರ್ಥೇಶ ಕಾಫಿ ತರಿಸಿದ. ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಬಾಗಿ ಕೂತಿದ್ದಾಗ ಬಾಗಿಲಲ್ಲಿ ಯಾರೋ, “ಚಂದ್ರಣ್ಣಾ,” ಎಂದು ಕೂಗಿದರು.

ಚಂದ್ರಕುಮಾರ ತಿರುಗಿದ. ತೀರ್ಥೇಶನೂ ತಿರುಗಿ, “ಬನ್ನಿ ದೇವೀರಪ್ಪ, ಕೂತ್ಕಳಿ,” ಎಂದ.

ಬಂದವರು ಪಕ್ಕದ ಹಳ್ಳಿಯ ಬೇಸಾಯಗಾರರು. ಚಂದ್ರಕುಮಾರನ ಕಡೆ ನೋಡದೆ ನೇರ ತೀರ್ಥೇಶನ ಕೈಗೆ ಕಾರ್ಡು ಕೊಟ್ಟರು. “ಹೊಸ ಮನೆ ಒಕ್ಕಲು. ಚಂದ್ರಣ್ಣ, ನೀವು ಬರ್ದೇ ಇದ್ರೆ ನಮ್ಮೋಳು ಬುಡಲ್ಲ. ಅವಳು ಇವತ್ತು ಓಡಾಡ್ತಾವ್ಳೆ ಅಂದ್ರೆ ನಿಮ್ಮಿಂದ.” ಪಕ್ಕದಲ್ಲಿದ್ದ ಅಪರಿಚಿತನಿಗೂ ವಿಷಯ ತಿಳಿಯಲೆಂದು ಅವರೇ ವಿವರಿಸಿದರು. ಅವರ ಹೆಂಡತಿ ಕರಿಬಸಮ್ಮ ಕಣದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಎಲ್ಲೂ ಗಾಡಿ ಸಿಗಲಿಲ್ಲ. ಯಾವುದೋ ಮದುವೆಗೆಂದು ನಿಂತಿದ್ದ ಟೆಂಪೊವನ್ನು ಈ ಚಂದ್ರಣ್ಣ ಹಿಂದುಮುಂದು ನೋಡದೆ ಶಿವಮೊಗ್ಗದ ಆಸ್ಪತ್ರೆಗೆ ಕಳಿಸಿಕೊಟ್ಟರು.

ಚಂದ್ರಕುಮಾರನಿಗೆ ಕೈಯಲ್ಲಿದ್ದ ಲೋಟ ಕೆಳಗಿಡಲು ಮರೆತುಹೋಯಿತು. ಆ ಟೆಂಪೊ ಅವನಿಗೆ ನೆನಪಿತ್ತು. ದಿಬ್ಬಣದವರು ಬಿಸಿಲಲ್ಲಿ ಕಾದು ಕಡೂರಿನ ಕಚೇರಿಗೆ ಬಂದು ಗಲಾಟೆ ಮಾಡಿದ್ದರು. ಹನುಮಂತಪ್ಪನವರು ಕಂಪ್ಯೂಟರ್ ನೋಡಿ, ‘ಚಂದ್ರು’ ಎಂದು ಇದ್ದುದನ್ನು ಕಂಡು, ಎಲ್ಲರ ಎದುರಿಗೆ ಇವನನ್ನು ಬೈದಿದ್ದರು. ಕೈತಪ್ಪಿ ಏನೋ ಒತ್ತಿಬಿಟ್ಟೆನೇನೋ ಎಂದುಕೊಂಡು ಇವನು ತಪ್ಪಾಯಿತು ಎಂದೂ ಹೇಳಿದ್ದ.

ತೀರ್ಥೇಶ ಸಂಕೋಚದಿಂದ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದ. ಕೊನೆಗೆ, “ದೇವೀರಪ್ಪ, ನಾನು ಚಂದ್ರು ಅಲ್ಲ,” ಎಂದ. “ನನ್ ಹೆಸ್ರು ತೀರ್ಥೇಶ. ಚಂದ್ರು ಇವ್ರು.”

ದೇವೀರಪ್ಪ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. “ಹಂಗಂದ್ರೆ ಗಾಡಿ ಕಳ್ಸಿದ್ದು ನೀವಾ?” ಎಂದು ಚಂದ್ರಕುಮಾರನನ್ನು ಕೇಳಿದರು.

“ಅಲ್ಲ, ಇವ್ರೇ ಕಳ್ಸಿದ್ದು.”

“ಮತ್ತೆ ಚಂದ್ರು ನೀವು ಅಂತೀರಿ.”

“ಚಂದ್ರು ನಾನೇ. ಕಳ್ಸಿದ್ದು ಇವ್ರು.”

ದೇವೀರಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. “ಒಟ್ಟು ಇಬ್ರೂ ಬನ್ನಿ,” ಎಂದು ಹೇಳಿ ಹೊರಟುಹೋದರು.

ಅವರು ಹೋದ ಮೇಲೆ ತೀರ್ಥೇಶ ಹೇಳಿದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟಿಕೆಟ್ ಓದಿಕೊಂಡು ಜನ ಚಂದ್ರು ಎನ್ನುತ್ತಿದ್ದರು. ಸ್ವಲ್ಪ ದಿನ ತಿದ್ದಿದ. ಒಬ್ಬನಿಗೆ ತಿದ್ದಿದರೆ ಇನ್ನೊಬ್ಬ ಹಾಗೇ ಕರೆಯುತ್ತಿದ್ದ. ಆಮೇಲೆ ಓಗೊಡುವುದೇ ಸಲೀಸಾಯಿತು. ಟೆಂಪೊದ ದಿನ ಕಡೂರಿನಲ್ಲಿ ನಡೆದದ್ದನ್ನು ಚಂದ್ರಕುಮಾರ ಹೇಳಿದ. “ಬೈಗುಳ ನಿಮಗೆ ಬಿತ್ತು ಅಂತ ನಂಗೆ ಯಾರೂ ಹೇಳ್ಲಿಲ್ಲ ಕಣ್ರೀ,” ಎಂದ ತೀರ್ಥೇಶ.

ಚಂದ್ರಕುಮಾರನಿಗೆ ಸಿಟ್ಟು ಬರಬೇಕಿತ್ತೋ ಏನೋ. ಹುಡುಕಿದರೂ ಬರಲಿಲ್ಲ. ತನ್ನ ಅಂಗಿಯನ್ನೇ ಹಾಕಿಕೊಂಡು ಯಾರೋ ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತಿರುವುದನ್ನು ಕಂಡಂತಾಗಿತ್ತು. ಆ ಅಂಗಿ ಆ ಇನ್ನೊಬ್ಬನಿಗೆ ಚೆನ್ನಾಗಿ ಒಪ್ಪಿತ್ತು ಕೂಡ.

ಮನೆ ಒಕ್ಕಲಿಗೆ ಇಬ್ಬರೂ ಹೋದರು. ಹೊಸ ಸುಣ್ಣದ ವಾಸನೆಯ ಪಡಸಾಲೆಯಲ್ಲಿ ಎಲೆ ಹಾಕಿದ್ದರು. ಎದುರು ಸಾಲಿನ ಒಬ್ಬ ಹಿರಿಯರು ಮಾತಿಗೆ ತೆಗೆದು, “ನಿಮ್ಮದು ಯಾವ ಕಡೆ?” ಎಂದು ಚಂದ್ರಕುಮಾರನನ್ನು ಕೇಳಿದರು. ಆ ಪ್ರಶ್ನೆಯ ಹಿಂದೆ ಇರುವ ಪ್ರಶ್ನೆ ಅವನಿಗೆ ಚಿಕ್ಕಂದಿನಿಂದ ಪರಿಚಯ. ಸಿಂಗಟಗೆರೆ ಕಡೆ ಎಂದಷ್ಟೇ ಹೇಳಿ ಸುಮ್ಮನಿರಬಹುದಿತ್ತು. ಆ ದಿನ ಯಾಕೋ, “ಸಿಂಗಟಗೆರೆ. ಕೆಳಗಿನ ಕೇರಿ ಗಿಡ್ಡಪ್ಪನ ಮಗ. ಈಗ ನಾವು ಬೌದ್ಧರು,” ಎಂದ.

ಹಿರಿಯರು ಹೂಂ ಎಂದರು. ಹೋಳಿಗೆಯ ಬುಟ್ಟಿ ಹಿಡಿದು ನಿಧಾನಕ್ಕೆ ಕಾಲೆಳೆಯುತ್ತ ಬರುತ್ತಿದ್ದ ಕರಿಬಸಮ್ಮ ಅವನ ಎಲೆಯ ಮುಂದೆ ನಿಂತರು. ಎರಡು ಹೋಳಿಗೆ ಹಾಕಿ ತುಪ್ಪ ಬಿಟ್ಟು, “ನೀನು ಬೈಸ್ಕಂಡ್ಯಂತೆ ನನ್ನಿಂದ. ತೀರ್ಥೇಶಣ್ಣ ಹೇಳ್ತು. ಉಣ್ಣಪ್ಪ,” ಎಂದರು. ಅವನು ತಲೆ ಎತ್ತುವಷ್ಟರಲ್ಲಿ ಎದುರಿನ ಹಿರಿಯರು ಎಲೆ ಮಡಿಸಿ ಎದ್ದಿದ್ದರು. ಅವರ ಎಲೆಯಲ್ಲಿ ಅನ್ನ ಇನ್ನೂ ಉಳಿದಿತ್ತು. ಹೊಟ್ಟೆ ತುಂಬಿ ಎದ್ದರೋ, ಇವನ ಮಾತಿಗೆ ಎದ್ದರೋ, ಬಸ್ಸಿನಲ್ಲಿ ಕೂತು ಬರುವ ದಾರಿಯುದ್ದಕ್ಕೂ ಅವನು ಯೋಚಿಸಿದ. ಬೀರೂರು ದಾಟಿದರೂ ಬಗೆಹರಿಯಲಿಲ್ಲ. ತೀರ್ಥೇಶನಿಗೆ ಇಂಥದ್ದನ್ನು ಯೋಚಿಸುವ ಪ್ರಸಂಗವೇ ಬಂದಿರಲಾರದು ಎಂದು ಮಾತ್ರ ಹೊಳೆಯಿತು. ಚಂದ್ರು ಎಂಬ ಹೆಸರಿಗೆ ಅಜ್ಜಂಪುರದಲ್ಲಿ ಸಿಗುತ್ತಿದ್ದ ಆದರದಲ್ಲಿ ಹೆಸರಿನ ಪಾಲೆಷ್ಟು, ಆಳಿನ ಪಾಲೆಷ್ಟು ಎಂಬುದೂ ತಿಳಿಯಲಿಲ್ಲ.

ಹೊಸ ವ್ಯವಸ್ಥೆ ಶುರುವಾದ ವಾರ ಅಜ್ಜಂಪುರದಿಂದ ಕಡೂರಿಗೆ ಫೋನುಗಳು ಬಂದವು. ಟಿಕೆಟ್ಟಿನ ಮೇಲೆ ತೀರ್ಥೇಶ ಎಂದು ಬರುತ್ತಿದೆ, ಚಂದ್ರುವನ್ನು ಯಾಕೆ ತೆಗೆದಿರಿ ಎಂದು ಜನ ಕೇಳಿದರು.

“ನಾನೇ ಚಂದ್ರು, ಹೇಳಿ,” ಎಂದರೆ, “ನೀನಲ್ಲ ಕಣಪ್ಪ, ಆ ಚಂದ್ರು,” ಎಂದರು. ಒಬ್ಬ ಹೆಂಗಸು, “ಏನಾಗಿತ್ತು ಅವ್ರಿಗೆ, ಪಾಪ,” ಎಂದು ಕೇಳಿಯೇಬಿಟ್ಟಳು. ಅವನು ಏನೂ ಆಗಿಲ್ಲಮ್ಮ ಎಂದ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ನಯನ ಅವನನ್ನು ಕರೆದಳು. ಒಂದು ಡಬ್ಬಿ ಬದಲಿಸಿದರೆ ಸಾಕು, ಒಳಗೆ ಯಾರೇ ಕೆಲಸ ಮಾಡಲಿ, ಟಿಕೆಟ್ಟಿನ ಮೇಲೆ ಎಲ್ಲ ಕಡೆಯೂ ಚಂದ್ರು ಎಂದೇ ಬರುವ ಹಾಗೆ ಮಾಡಬಹುದು ಎಂದಳು. “ಜನಕ್ಕೆ ಅಭ್ಯಾಸ ಆಗಿದೆ. ನಮ್ಮ ಕಂಪನಿಗೆ ಅದೊಂದು ಗುರುತು. ನಿಮ್ಮ ಹೆಸರು, ನೀವು ಹೂಂ ಅಂದ್ರೆ ಮಾತ್ರ.”

ಒಂದು ದಿನ ಸಮಯ ಕೇಳಿ ಅವನು ಮನೆಗೆ ಹೋದ. ಶ್ರುತಿ, “ಒಳ್ಳೇದೇ ಅಲ್ವ, ಬಿಡಿ,” ಎಂದಳು. ಹೌದೆನಿಸಿತು. ಸ್ವಲ್ಪ ಹೊತ್ತಿಗೆ ಅಲ್ಲವೆನಿಸಿತು. ಯಾರೋ ಮಾಡಿದ್ದಕ್ಕೆ ಬೈಸಿಕೊಂಡದ್ದು ಹೋಗಲಿ, ಯಾರೋ ಮಾಡಿದ್ದಕ್ಕೆ ಹೋಳಿಗೆ ತಿಂದದ್ದು ಅವನಿಗೆ ಇನ್ನೂ ಅರಗಿರಲಿಲ್ಲ.

“ಬೇಡ ಮೇಡಂ,” ಎಂದ ಮರುದಿನ. “ಯಾವುದು ನಾನು ಮಾಡಿದ್ದು ಅಂತ ನಂಗೆ ಗೊತ್ತಾಗ್ಲಿ.”

ನಯನ ಒಪ್ಪಿದಳು. ಅವನ ಟಿಕೆಟ್ಟಿನ ಮೇಲೆ ಈಗ ‘ಜಿ. ಚಂದ್ರಕುಮಾರ್’ ಎಂದು ಬರುತ್ತದೆ. ತಿಂಗಳ ಕೊನೆಗೆ ಯಾರು ಎಷ್ಟು ಕೆಲಸ ಮಾಡಿದರು ಎಂಬ ಪಟ್ಟಿ ಬಂದಾಗ ಎಲ್ಲರಿಗಿಂತ ಕೆಳಗೆ ಅವನಿದ್ದ. ದಿನವಿಡೀ ಫೋನಿನಲ್ಲಿ ತರೀಕೆರೆಯವರಿಗೂ ಅಜ್ಜಂಪುರದವರಿಗೂ ಯಾವ ಡಬ್ಬಿ ಒತ್ತಬೇಕು ಎಂದು ಹೇಳಿಕೊಡುವುದರಲ್ಲೇ ಅವನ ಹೊತ್ತು ಹೋಗುತ್ತಿತ್ತು, ಅದಕ್ಕೆ ಡಬ್ಬಿಯೇ ಇರಲಿಲ್ಲ. ನಯನಳಿಗೆ ಅದು ಗೊತ್ತಿತ್ತು. ಆದರೂ ಆ ಪಟ್ಟಿಯನ್ನು ಅವನು ಬಹಳ ಹೊತ್ತು ನೋಡಿದ. ಕೇಳಿದ್ದು ಇದನ್ನೇ ಆಗಿತ್ತು. ಸಿಕ್ಕಿದ ಮೇಲೆ ಇಷ್ಟೇನಾ ಎನಿಸುತ್ತಿತ್ತು.

ಮೊನ್ನೆ ಕಡೂರಿನ ಕೌಂಟರಿಗೆ ಅಜ್ಜಂಪುರದ ಕಡೆಯ ಒಂದು ಗುಂಪು ಬಂದಿತ್ತು. ಮುಂದಿದ್ದವನು ಟಿಕೆಟ್ ಓದಿ, “ಈ ಚಂದ್ರಕುಮಾರ್ ಅನ್ನೋರು ಯಾರು?” ಎಂದು ಕೇಳಿದ.

“ನಾನೇ.”

“ಹೊಸಬ್ರಾ? ನಮ್ಮೂರಲ್ಲಿ ಚಂದ್ರು ಅಂತ ಅವ್ರೆ, ಅವ್ರು ಗೊತ್ತಾ ನಿಮಗೆ?”

ಚಂದ್ರಕುಮಾರ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ. “ಗೊತ್ತು,” ಎಂದ. “ಒಳ್ಳೇ ಮನುಷ್ಯ.”

ಸುಳ್ಳು ಹೇಳಿದೆನೋ ಎಂದು ಯೋಚಿಸುವಷ್ಟರಲ್ಲಿ ತರೀಕೆರೆಯಿಂದ ಫೋನ್ ಬಂತು. ಬಾಣ ಎಲ್ಲೋ ಸಿಕ್ಕಿಕೊಂಡಿದೆಯಂತೆ, ಗಿರಾಕಿ ಕಾಯುತ್ತಿದ್ದಾನಂತೆ. “ಇರಪ್ಪ, ಹೇಳ್ತೀನಿ,” ಎಂದು ಅವನು ಕುರ್ಚಿ ಎಳೆದುಕೊಂಡ.