‘ಹೋಗಿ ಬರ್ತೀನಿ’ ಎಂದ ತಪ್ಪಿಗೆ

ನಿಜಾಮನ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಗದ್ವಾಲದ ನಮ್ಮ ಓಣಿಯಲ್ಲಿ ಪರದೇಶಿ ಅನ್ನಿಸಿಕೊಂಡವನು ಒಬ್ಬನೇ, ಎದುರು ಮನೆಯ ಅರಬ ಕಾಕಾ. ಮೀಸೆ ಮೂಡುವ ಮೊದಲೇ ಹಡಗಿನಲ್ಲಿ ಬಂದು ಕೋಟೆಯ ಬಾಗಿಲು ಕಾದವನು. ಇಲ್ಲಿಯ ಹೆಣ್ಣನ್ನೇ ಮದುವೆಯಾಗಿ ಅವಳನ್ನು ಇಲ್ಲಿಯೇ ಮಣ್ಣು ಮಾಡಿದವನು. ಇರುವುದಕ್ಕೆ ನಿಜಾಮನ ಸರ್ಕಾರದ ಪರವಾನಗಿ ಇತ್ತು. ಆ ಸರ್ಕಾರವೇ ಮುಗಿದ ಮೇಲೆ ಅದರ ಕಾಗದಕ್ಕೇನು ಬೆಲೆ?

ಕಚೇರಿಯವರು ಎರಡು ದಾರಿ ಹೇಳಿದರು. ಮುಂಬಯಿಗೆ ಹೋಗಿ ಹಡಗು ಹತ್ತಬೇಕು. ಇಲ್ಲವೇ ಇಬ್ಬರು ಮುಲ್ಕಿಗಳ, ಅಂದರೆ ಈ ಸೀಮೆಯಲ್ಲೇ ಹುಟ್ಟಿದವರ, ಜಾಮೀನು ಕೊಡಿಸಿ ವರ್ಷವರ್ಷ ಹೊಸ ಪರವಾನಗಿ ಪಡೆಯಬೇಕು. ಎರಡನೆಯದನ್ನು ಕೇಳಲು ಹೋದ ಕಾಕಾ ಮುಖ ಸಣ್ಣದು ಮಾಡಿಕೊಂಡು ಬಂದ.

“ನಾನ ಹೋಗ್ತೀನಂದೆ ಅಂತ ಬರಕೊಂಡಾರವ್ವಾ. ಹಡಗಿಗೆ ಹೆಸರು ಹಚ್ಯಾರ.”

“ನೀ ಏನಂದಿ, ಕಾಕಾ?”

“ವಿಚಾರ ಮಾಡ್ತೀನಿ ಅಂದ ಸಾಹೇಬ. ನಾ ಈ ಊರಾಂವ ಅಂತ ತಿಳೀಲಿ ಅಂತ ಉರ್ದು ಬಿಟ್ಟು ಕನ್ನಡದಾಗ ‘ಹೋಗಿ ಬರ್ತೀನ್ರೀ’ ಅಂತ ಹೇಳಿ ಎದ್ದೆ.”

ಸಾಹೇಬ ಉತ್ತರದವನು. ಗುಮಾಸ್ತನೂ ಹೊರಗಿನವನು, ಅರೆಬರೆ ಕನ್ನಡದವನು. ಸಾಹೇಬನಿಗೆ ‘ಹೋಗುತ್ತಾನಂತೆ’ ಎಂದುಬಿಟ್ಟಿದ್ದ. ನನಗೆ ನಗುವೂ ಬಂತು, ಮೈಯೂ ಉರಿಯಿತು.

“ಊರ ಉಸಾಬರಿ ನಿನಗ್ಯಾಕ? ಕಾಲ ಕೆಟ್ಟೈತಿ,” ಎಂದರು ಅತ್ತೆ. ಆಗ ನಿಜಾಮನ ಕಡೆಯವರೆನಿಸಿದ್ದ ಅರಬರ ಪರ ಬಾಯಿ ತೆರೆಯಲು ಎಲ್ಲರಿಗೂ ಭಯ. ನನಗೂ ಭಯವಿತ್ತು. ಆದರೆ ನನ್ನ ಗಂಡ ಸೀರೆಯ ಗಂಟು ಹೊತ್ತು ನಾರಾಯಣಪೇಟೆ, ಮಕ್ತಲ್ ಸುತ್ತುವಾಗಲೆಲ್ಲ ನಮ್ಮ ಮನೆಯ ಕಡೆ ಒಂದು ಕಣ್ಣಿಟ್ಟವನು ಕಾಕಾ. ದಿಕ್ಕಿಲ್ಲದವನಿಗೆ ಪರದೇಶಿ ಎನ್ನುವುದು ನಮ್ಮ ಮಾತು, ಕಾಕಾನಿಗೆ ನಾನಿದ್ದೆ. ಮಗ್ಗ ಬಿಟ್ಟು ಎದ್ದೆ. ಗೊಣಗುತ್ತಲೇ ಅತ್ತೆಯೂ ಸೆರಗು ಹೊದ್ದು ಹಿಂದೆ ಬಂದರು.

ಕಚೇರಿಯಲ್ಲಿ ನನ್ನ ಹರಕು ಉರ್ದುವಿನಲ್ಲಿ ಹೇಳಿದೆ: ನಮ್ಮಲ್ಲಿ ಬರೀ ‘ಹೋಗ್ತೀನಿ’ ಅನ್ನುವುದು ಅಪಶಕುನ, ಬಾವಿಗೆ ಹೋಗುವವಳೂ ‘ಹೋಗಿ ಬರ್ತೀನಿ’ ಅನ್ನುತ್ತಾಳೆ. ಸಾಹೇಬ ನಂಬಲಿಲ್ಲ. “ಹಾಗಾದರೆ ಇಲ್ಲಿಂದ ಏಳುವವರ ಮಾತು ಕೇಳಿ,” ಎಂದು ನೆಲದ ಮೇಲೆ ಕೂತೇಬಿಟ್ಟೆ.

ಪಹಣಿ ಕೇಳಲು ಬಂದಿದ್ದ ಮಾನೋಪಾಡಿನ ರೈತ ಕೆಲಸವಾಗದೆ ಎದ್ದ. “ಹೋಗಿ ಬರ್ತೀನ್ರೀ.” ಅವನ ಹಿಂದೆ ಒಬ್ಬ ಮುದುಕಿ. “ಹೋಗಿ ಬರ್ತೀನಪ್ಪಾ.” ಸಾಹೇಬ ಗುಮಾಸ್ತನ ಮುಖ ನೋಡಿದ. “ಇವರೆಲ್ಲರನ್ನೂ ಹಡಗು ಹತ್ತಿಸ್ತೀರೇನು?” ಎಂದೆ. ಸಾಹೇಬನಿಗೆ ನಗು ತಡೆಯಲಾಗಲಿಲ್ಲ.

ಜಾಮೀನಿಗೆ ಒಂದು ಹೆಬ್ಬೆಟ್ಟು ನನ್ನದು, ಇನ್ನೊಂದು ಅತ್ತೆಯದು. ಕಾಕಾ ಉಳಿದ.

ಮುಂದೆ ವರ್ಷವರ್ಷವೂ ಆ ಕಚೇರಿಗೆ ಹೋದ. ಏಳುವಾಗ “ಬರ್ತೀನ್ರೀ” ಎಂದಷ್ಟೇ ಅನ್ನುತ್ತಿದ್ದ. ನಮ್ಮ ಮನೆಯಿಂದ ಏಳುವಾಗಲೂ ಅಷ್ಟೇ. ‘ಹೋಗಿ’ ಎಂಬ ಮಾತು ಸಾಯುವವರೆಗೂ ಅವನ ಬಾಯಿಗೆ ಬರಲಿಲ್ಲ.